ಕ್ಯಾಸೆಟ್ಟಿನ ಚಿತ್ರಕ್ಕೆ ಯಾವ ಬಾಗಿಲು?



ಇಂಥ ಒಂದು ಕೆಲಸ ನಿಮ್ಮಲ್ಲಿ ಕೆಲವರಿಗೆ ಈಗಾಗಲೇ ಬಂದಿರಬಹುದು, ಇಲ್ಲವೇ ಮುಂದಿನ ರಜೆಯಲ್ಲಿ ಬರಬಹುದು. ಮನೆಯ ಅಟ್ಟದಿಂದ ಒಂದು ವಿ.ಸಿ.ಆರ್. ಕೆಳಗಿಳಿಯುತ್ತದೆ. ಜೊತೆಗೆ ನಾಲ್ಕೈದು ವಿ.ಎಚ್.ಎಸ್. ಕ್ಯಾಸೆಟ್ಟುಗಳು. ಒಂದರ ಮೇಲೆ ಚಿಕ್ಕಪ್ಪನ ಮದುವೆ ಎಂದು ಬರೆದಿದೆ. ಇನ್ನೊಂದರ ಮೇಲಿನ ಶಾಯಿ ಮಾಸಿಹೋಗಿದೆ. "ನೀನು ಸೈನ್ಸ್ ಓದ್ತಿದ್ದೀಯಲ್ಲ, ಇದನ್ನ ಕಂಪ್ಯೂಟರಿಗೆ ಹಾಕಿಕೊಡು ಮಗಾ" ಎನ್ನುತ್ತಾರೆ ಅಜ್ಜಿ. ನೀವು ಸಿಕ್ಕಿದ ತಂತಿಗಳನ್ನೆಲ್ಲ ಸಿಕ್ಕಿಸಿ, ಪ್ಲೇ ಗುಂಡಿ ಒತ್ತುತ್ತೀರಿ. ಕ್ಯಾಸೆಟ್ ಓಡುವ ಸದ್ದು ಕೇಳಿಸುತ್ತದೆ. ಪರದೆ ಮಾತ್ರ ನೀಲಿ.

ಆ ನೀಲಿ ಪರದೆಯ ಬಗ್ಗೆ, ಅಂದರೆ ವಿಡಿಯೋ ರೆಕಾರ್ಡರಿನಲ್ಲಿ ಚಿತ್ರದ ಮೂಲವನ್ನು ಆರಿಸಿಕೊಳ್ಳುವ ಬಗ್ಗೆ ಇಂದು ಮಾತನಾಡೋಣ. ವಿಷಯ ಸಣ್ಣದೆಂದು ತೋರಬಹುದು. ಆದರೆ ಸಮಯ ಕಡಿಮೆ ಇದೆ. ಜಪಾನಿನ ಜೆ.ವಿ.ಸಿ. ಕಂಪನಿ ವಿ.ಎಚ್.ಎಸ್. ಯಂತ್ರವನ್ನು ಮಾರುಕಟ್ಟೆಗೆ ತಂದದ್ದು 1976ರಲ್ಲಿ. ಸರಿಯಾಗಿ 40 ವರ್ಷಗಳ ಮೇಲೆ, 2016ರ ಜುಲೈಯಲ್ಲಿ, ಅದೇ ದೇಶದ ಫುನಾಯ್ ಕಂಪನಿ ವಿ.ಸಿ.ಆರ್. ತಯಾರಿಕೆಯನ್ನು ನಿಲ್ಲಿಸಿತು. ಈಗ ನಮ್ಮಲ್ಲಿರುವ ಯಂತ್ರಗಳೆಲ್ಲ ಹಳೆಯವು. ಬಿಡಿಭಾಗ ಸಿಗುವುದು ಕಷ್ಟ, ರಿಪೇರಿ ಬಲ್ಲವರು ಇನ್ನೂ ವಿರಳ. ಆಸ್ಟ್ರೇಲಿಯಾದ ರಾಷ್ಟ್ರೀಯ ಚಲನಚಿತ್ರ ಮತ್ತು ಧ್ವನಿ ಸಂಗ್ರಹಾಲಯವು 2015ರಲ್ಲಿಯೇ ಎಚ್ಚರಿಕೆ ಕೊಟ್ಟು, ಕಾಂತೀಯ ಟೇಪುಗಳನ್ನು ಉಳಿಸಿಕೊಳ್ಳಲು 2025ನೆಯ ಇಸವಿಯನ್ನು ಗಡುವೆಂದು ಹೇಳಿತ್ತು. ದೊಡ್ಡ ಸಂಸ್ಥೆಗಳ ಮಾತೇ ಹೀಗಿರುವಾಗ ನಮ್ಮ ಅಟ್ಟದ ಮೇಲಿನ ಕ್ಯಾಸೆಟ್ಟಿನ ಗತಿ ನೀವೇ ಊಹಿಸಿ. ಹದಗೆಟ್ಟ ಟೇಪು ಬಹುಶಃ ಒಂದೇ ಸಲ ಚೆನ್ನಾಗಿ ಓಡೀತು. ಆ ಒಂದು ಸಲದಲ್ಲಿ ಪಡೆಯುವ ಯಂತ್ರ ಸರಿಯಾದ ಬಾಗಿಲನ್ನು ತೆರೆದುಕೊಂಡು ಕಾದಿರಬೇಕು.

ಮೊದಲು ಒಂದು ಗೊಂದಲವನ್ನು ಬಿಡಿಸೋಣ. ಕ್ಯಾಸೆಟ್ಟನ್ನು ಓಡಿಸುವ ಯಂತ್ರಕ್ಕೆ ಇನ್‌ಪುಟ್ ಆಯ್ಕೆಯ ಪ್ರಶ್ನೆಯೇ ಇಲ್ಲ. ಪ್ಲೇ ಒತ್ತಿದೊಡನೆ ಅದರ ಮೂಲ ಟೇಪೇ ಆಗುತ್ತದೆ. ಚಿತ್ರವನ್ನು ಪಡೆಯುವ ಯಂತ್ರಕ್ಕೆ, ಅದು ಟಿ.ವಿ. ಇರಲಿ, ಎರಡನೆಯ ವಿ.ಸಿ.ಆರ್. ಇರಲಿ, ಡಿ.ವಿ.ಡಿ. ರೆಕಾರ್ಡರ್ ಅಥವಾ ಕಂಪ್ಯೂಟರಿಗೆ ಚುಚ್ಚುವ ಯು.ಎಸ್.ಬಿ. ಕ್ಯಾಪ್ಚರ್ ಸಾಧನ ಇರಲಿ, "ಎಲ್ಲಿಂದ ತೆಗೆದುಕೊಳ್ಳಲಿ?" ಎಂಬುದನ್ನು ನಾವು ಹೇಳಬೇಕು. ನೀಲಿ ಪರದೆ ಬಂದಾಗ ಅನೇಕರು ಕ್ಯಾಸೆಟ್ಟನ್ನು ಹೊರತೆಗೆದು ಊದಿ ಮತ್ತೆ ಹಾಕುತ್ತಾರೆ. ಅದರ ಬದಲು ಒಂದು ಪರೀಕ್ಷೆ ಮಾಡಿ. ಕ್ಯಾಸೆಟ್ ನಿಲ್ಲಿಸಿ, ವಿ.ಸಿ.ಆರ್.ನ ರಿಮೋಟಿನಲ್ಲಿ ಮೆನು ಗುಂಡಿ ಒತ್ತಿ. ಮೆನು ಪರದೆಯ ಮೇಲೆ ಮೂಡಿದರೆ ದಾರಿ ಸರಿಯಾಗಿದೆ ಎಂದರ್ಥ. ನೀಲಿ ಬಣ್ಣ ಬಂದದ್ದು ವಿ.ಸಿ.ಆರ್.ನಿಂದಲೇ. ಟೇಪಿನಿಂದ ಬರುವ ಸಂಕೇತ ತೀರ ದುರ್ಬಲವಾದರೆ ಆ ಯಂತ್ರ ಕೆಟ್ಟ ಚಿತ್ರ ತೋರಿಸುವ ಬದಲು ನೀಲಿ ಪರದೆ ಎಳೆದುಬಿಡುತ್ತದೆ. ಮೆನುವಿನಲ್ಲಿ 'ಬ್ಲೂ ಬ್ಯಾಕ್' ಎಂಬ ಆಯ್ಕೆಯಿದ್ದರೆ ಅದನ್ನು ಆಫ್ ಮಾಡಿ. ಟ್ರ್ಯಾಕಿಂಗ್ ಸರಿಪಡಿಸಲು ಕಡೇಪಕ್ಷ ಗುಳ್ಳೆಗುಳ್ಳೆಯಾದ ಚಿತ್ರವಾದರೂ ಕಾಣಿಸುತ್ತದೆ. ಮೆನುವೂ ಬಾರದಿದ್ದರೆ ತಪ್ಪು ಪಡೆಯುವ ಯಂತ್ರದಲ್ಲಿದೆ, ಅಥವಾ ತಂತಿಯಲ್ಲಿದೆ.

ಪಡೆಯುವ ಯಂತ್ರ ಹಳೆಯ ವಿ.ಸಿ.ಆರ್. ಅಥವಾ ಡಿ.ವಿ.ಡಿ. ರೆಕಾರ್ಡರ್ ಆಗಿದ್ದರೆ ಅದಕ್ಕೆ ಸಾಮಾನ್ಯವಾಗಿ ಮೂರು ಮೂಲಗಳು. ಒಂದು, ಒಳಗಿನ ಟ್ಯೂನರ್, ಅಂದರೆ ಆಂಟೆನಾದಿಂದ ಬರುವ ಚಾನೆಲ್ಲುಗಳು. ಎರಡು, ಹಿಂಭಾಗದ ಜ್ಯಾಕುಗಳು. ಇವಕ್ಕೆ ಎಲ್-1 ಅಥವಾ ಎ.ವಿ.-1 ಎಂದು ಹೆಸರು. ಮೂರು, ಮುಂಭಾಗದ ಸಣ್ಣ ಮುಚ್ಚಳದ ಹಿಂದಿನ ಜ್ಯಾಕುಗಳು, ಎಲ್-2, ಎ.ವಿ.-2, ಕೆಲವು ಕಂಪನಿಗಳ ಭಾಷೆಯಲ್ಲಿ ಎಫ್-1. 'ಇನ್‌ಪುಟ್ ಸೆಲೆಕ್ಟ್' ಗುಂಡಿ ಒತ್ತಿದಂತೆ ಇವು ಒಂದಾದ ಮೇಲೊಂದು ಬರುತ್ತವೆ. ಗುಂಡಿಯೇ ಇಲ್ಲದ ಯಂತ್ರಗಳಲ್ಲಿ 1ನೆಯ ಚಾನೆಲ್ಲಿಗೆ ಬಂದು ಇನ್ನೂ ಕೆಳಕ್ಕೆ ಒತ್ತಬೇಕು. ಬಾಗಿಲು ಅಲ್ಲಿ ಅಡಗಿರುತ್ತದೆ. ಟ್ಯೂನರ್ ಈಗ ಕೆಲಸಕ್ಕೆ ಬಾರದು. ದೂರದರ್ಶನದ ಬಹುಪಾಲು ಅನಲಾಗ್ ಭೂಪ್ರಸಾರ 2022ರ ವೇಳೆಗೆ ನಿಂತುಹೋಯಿತು. ಆದರೂ ಯಂತ್ರ ಚಾಲೂ ಆದಾಗ ಹಳೆಯ ಅಭ್ಯಾಸದಂತೆ ಟ್ಯೂನರಿಗೇ ಹೋಗಿ ಕೂರುವುದುಂಟು. ಬಾರದ ಪ್ರಸಾರವನ್ನು ಕಾಯುತ್ತ ಎರಡು ಗಂಟೆ ನೀಲಿ ಪರದೆಯನ್ನು ಮುದ್ರಿಸಿಕೊಂಡ ಡಿಸ್ಕುಗಳು ನಮ್ಮ ಕಣ್ಣಿಗೆ ಬೀಳುತ್ತಲೇ ಇರುತ್ತವೆ.

ಇನ್ನು ತಂತಿಗಳ ವಿಚಾರ. ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ, ಏಕೆಂದರೆ ವಿಜ್ಞಾನ ಇರುವುದು ಇಲ್ಲಿಯೇ.

ಅತ್ಯಂತ ಹಳೆಯ ದಾರಿ ಆಂಟೆನಾ ತಂತಿ. ಒಂದು ರಾತ್ರಿಗೆ ಬಣ್ಣದ ಟಿ.ವಿ.ಯನ್ನೂ ವಿ.ಸಿ.ಆರನ್ನೂ ಬಾಡಿಗೆಗೆ ತಂದು, ಮೂರು ಸಿನಿಮಾ ಕ್ಯಾಸೆಟ್ಟು ಹಾಕಿ, ಬೀದಿಯವರೆಲ್ಲ ಬೆಳಗಿನವರೆಗೆ ನೋಡುತ್ತಿದ್ದ ಕಾಲವನ್ನು ನಿಮ್ಮ ತಂದೆತಾಯಿಯರು ಹೇಳಬಹುದು. ಆಗಿನ ಅನೇಕ ಟಿ.ವಿ.ಗಳಿಗೆ ಆಂಟೆನಾ ಕಿಂಡಿಯೊಂದೇ ಇತ್ತು. ಆದ್ದರಿಂದ ವಿ.ಸಿ.ಆರ್. ಒಂದು ಪುಟ್ಟ ಪ್ರಸಾರ ಕೇಂದ್ರದಂತೆ ನಡೆದುಕೊಳ್ಳಬೇಕಾಯಿತು. ಚಿತ್ರವನ್ನೂ ಧ್ವನಿಯನ್ನೂ ಒಂದು ಉನ್ನತ ಕಂಪನಾಂಕದ ಅಲೆಯ ಮೇಲೆ ಹೇರಿ, ಸಾಮಾನ್ಯವಾಗಿ ಯು.ಎಚ್.ಎಫ್. 36ನೆಯ ಚಾನೆಲ್ಲಿನ ಆಸುಪಾಸಿನಲ್ಲಿ, ಟಿ.ವಿ.ಗೆ ಕಳುಹಿಸುತ್ತಿತ್ತು. ಟಿ.ವಿ. ಅದನ್ನು ಮತ್ತೆ ಇಳಿಸಿಕೊಳ್ಳುತ್ತಿತ್ತು. ಹೇರಿ ಇಳಿಸುವ ಈ ವ್ಯವಹಾರದಲ್ಲಿ ಚಿತ್ರ ಸವೆಯುತ್ತದೆ. ಇನ್ನೊಂದು ತೊಡಕೂ ಇದೆ. ನಮ್ಮ ದೇಶದ ಪದ್ಧತಿಯಲ್ಲಿ ಧ್ವನಿಯ ವಾಹಕ ಅಲೆ ಚಿತ್ರದ ವಾಹಕಕ್ಕಿಂತ 5.5 ಮೆಗಾಹರ್ಟ್ಸ್ ದೂರದಲ್ಲಿರುತ್ತದೆ. ಇಂಗ್ಲೆಂಡಿನಲ್ಲಿ 6 ಮೆಗಾಹರ್ಟ್ಸ್. ಅಲ್ಲಿಂದ ತಂದ ಯಂತ್ರವನ್ನು ಆಂಟೆನಾ ತಂತಿಯಲ್ಲಿ ಜೋಡಿಸಿದರೆ ಚಿತ್ರ ಚೆನ್ನಾಗಿ ಬಂದು ಮಾತು ಮಾತ್ರ ಮೂಕವಾಗುತ್ತದೆ. ಬೇರೆ ಜ್ಯಾಕುಗಳಿರುವಾಗ ಈ ದಾರಿಯನ್ನು ಹಿಡಿಯಲೇಬೇಡಿ.

ಎರಡನೆಯದು ಹಳದಿ ಜ್ಯಾಕಿನ ತಂತಿ. ಇದರಲ್ಲಿ ಹರಿಯುವುದು ಸಂಯುಕ್ತ ಸಂಕೇತ, ಎಂದರೆ ಕಾಂಪೋಸಿಟ್. ಧ್ವನಿ ಇದರಲ್ಲಿಲ್ಲ, ಅದಕ್ಕೆ ಬಿಳಿ ಮತ್ತು ಕೆಂಪು ತಂತಿಗಳು ಬೇರೆ. ಯಂತ್ರಕ್ಕೆ ಒಂದೇ ಧ್ವನಿ ಜ್ಯಾಕು ಇದ್ದರೆ ಬಿಳಿಯದನ್ನು ಬಳಸಿ. ಹಳದಿ ತಂತಿಯ ಇಡೀ ಸಂಕೇತದ ಎತ್ತರ ಒಂದು ವೋಲ್ಟು. ಅದರಲ್ಲಿ 0.3 ವೋಲ್ಟು 'ಈಗ ಹೊಸ ಗೆರೆ ಶುರು' ಎಂದು ಹೇಳುವ ತಾಳಕ್ಕೆ, ಉಳಿದ 0.7 ವೋಲ್ಟು ಕಪ್ಪಿನಿಂದ ಬಿಳಿಯವರೆಗಿನ ಬೆಳಕಿಗೆ. ನಮ್ಮ ಪಾಲ್ ಪದ್ಧತಿಯಲ್ಲಿ ಒಂದು ಚಿತ್ರಕ್ಕೆ 625 ಗೆರೆ, ಸೆಕೆಂಡಿಗೆ 25 ಚಿತ್ರ. ಗುಣಿಸಿದರೆ ಸೆಕೆಂಡಿಗೆ 15,625 ಗೆರೆಗಳು. ಒಂದು ಗೆರೆಗೆ 64 ಮೈಕ್ರೋಸೆಕೆಂಡು. ಅದರಲ್ಲಿ ಚಿತ್ರ ಕಾಣುವುದು ಸುಮಾರು 52 ಮೈಕ್ರೋಸೆಕೆಂಡು ಮಾತ್ರ.

ಹಾಗಾದರೆ ಬಣ್ಣ ಎಲ್ಲಿದೆ? ಕಪ್ಪು-ಬಿಳುಪು ಟಿ.ವಿ.ಗಳು ಮನೆಮನೆಯಲ್ಲಿ ಇದ್ದಾಗ ಬಣ್ಣ ಬಂತು. ಹಳೆಯ ಟಿ.ವಿ.ಗಳು ನಿರುಪಯೋಗಿ ಆಗಬಾರದು, ಹೊಸದಾಗಿ ಜಾಗವನ್ನೂ ಕೇಳಬಾರದು. ಎಂಜಿನಿಯರುಗಳು ಕಂಡುಕೊಂಡ ಉಪಾಯ ಸೊಗಸಾದದ್ದು. ಬೆಳಕಿನ ಸಂಕೇತದ ಶಕ್ತಿ ಗೆರೆಯ ಕಂಪನಾಂಕದ ಗುಣಕಗಳ ಬಳಿ ಗುಂಪುಗುಂಪಾಗಿ ಇರುತ್ತದೆ, ನಡುವೆ ಖಾಲಿ ಸಂದುಗಳಿರುತ್ತವೆ. 4.43 ಮೆಗಾಹರ್ಟ್ಸಿನ ಒಂದು ಉಪವಾಹಕ ಅಲೆಯನ್ನು ಆ ಸಂದುಗಳಿಗೆ ಸರಿಯಾಗಿ ಕೂರಿಸಿ, ಅದರ ಮೇಲೆ ಬಣ್ಣವನ್ನು ಹೇರಿದರು. ತುಂಬಿದ ಬಸ್ಸಿನಲ್ಲಿ ಇಬ್ಬರ ನಡುವೆ ಮೂರನೆಯವರು ಸರಿಸಿಕೊಂಡು ಕೂತಂತೆ. ಜರ್ಮನಿಯ ಟೆಲಿಫುಂಕೆನ್ ಕಂಪನಿಯಲ್ಲಿ ವಾಲ್ಟರ್ ಬ್ರೂಕ್ 1960ರ ದಶಕದ ಆರಂಭದಲ್ಲಿ ರೂಪಿಸಿದ ಈ ಪಾಲ್ ಪದ್ಧತಿಯಲ್ಲಿಯೇ ಭಾರತ 1982ರಲ್ಲಿ ಬಣ್ಣದ ಪ್ರಸಾರಕ್ಕೆ ಇಳಿದದ್ದು. ಅದೇ ವರ್ಷ ದೆಹಲಿಯಲ್ಲಿ ಏಷ್ಯನ್ ಕ್ರೀಡಾಕೂಟ ನಡೆಯಿತು.

ಹೀಗೆ ಒಟ್ಟಿಗೆ ಕೂತವರನ್ನು ಪಡೆಯುವ ಯಂತ್ರ ಮತ್ತೆ ಬೇರ್ಪಡಿಸಬೇಕು. ಪೂರ್ತಿಯಾಗಿ ಬೇರ್ಪಡಿಸಲು ಆಗುವುದಿಲ್ಲ. ಒಂದು ಲೆಕ್ಕ ಮಾಡಿ. 52 ಮೈಕ್ರೋಸೆಕೆಂಡನ್ನು 4.43 ಮೆಗಾಹರ್ಟ್ಸಿನಿಂದ ಗುಣಿಸಿದರೆ ಸುಮಾರು 230. ಅಂದರೆ ಪರದೆಯ ಅಗಲದಲ್ಲಿ 230 ಜೊತೆ ಬಿಳಿ-ಕಪ್ಪು ಗೀರುಗಳು ಹಿಡಿಸುವಷ್ಟು ಸಣ್ಣ ಗೀರಿನ ಅಂಗಿಯನ್ನು ಯಾರಾದರೂ ತೊಟ್ಟು ಕ್ಯಾಮೆರಾ ಮುಂದೆ ಕೂತರೆ, ಆ ಗೀರುಗಳು 4.43 ಮೆಗಾಹರ್ಟ್ಸಿನ ಅಲೆಯನ್ನೇ ಹುಟ್ಟಿಸುತ್ತವೆ. ಟಿ.ವಿ. ಅದನ್ನು ಬಣ್ಣವೆಂದು ತಿಳಿದು ಅಂಗಿಯ ಮೇಲೆ ಕಾಮನಬಿಲ್ಲು ಹರಿಸುತ್ತದೆ. ಸ್ಟುಡಿಯೋಕ್ಕೆ ಬರುವ ಅತಿಥಿಗಳಿಗೆ "ಸಣ್ಣ ಚೌಕಳಿಯ ಅಂಗಿ, ಸಣ್ಣ ಗೀರಿನ ಸೀರೆ ಬೇಡ" ಎಂದು ಹೇಳುತ್ತಿದ್ದುದು ಇದಕ್ಕೇ. ಚಂದದ ಇಳಕಲ್ ಸೀರೆಯನ್ನು ಉಟ್ಟು ಬಂದವರಿಗೆ ಹೀಗೆ ಹೇಳಿ ಬೇಸರ ಮಾಡುವುದು ನಿರ್ಮಾಪಕನ ವೃತ್ತಿಯ ಕಷ್ಟಗಳಲ್ಲಿ ಒಂದು. ನಿಮ್ಮ ಮನೆಯ ಕ್ಯಾಸೆಟ್ಟಿನಲ್ಲಿ ದೂರದರ್ಶನದಿಂದ ಮುದ್ರಿಸಿಕೊಂಡ ಕಾರ್ಯಕ್ರಮವಿದ್ದು, ಅದರಲ್ಲಿ ಇಂಥ ಕಾಮನಬಿಲ್ಲು ಕಂಡರೆ ನಿಮ್ಮ ಸೆಟ್ಟಿಂಗನ್ನು ದೂಷಿಸಬೇಡಿ. ಅದು ಅಂದೇ ಮುದ್ರಣಗೊಂಡದ್ದು.

ಮೂರನೆಯದು ಎಸ್-ವಿಡಿಯೋ. ದುಂಡಗಿನ ಚಿಕ್ಕ ಜ್ಯಾಕು, ಒಳಗೆ ನಾಲ್ಕು ಪಿನ್ನು. ಇದರಲ್ಲಿ ಬೆಳಕು ಒಂದು ತಂತಿಯಲ್ಲಿ, ಬಣ್ಣ ಇನ್ನೊಂದರಲ್ಲಿ, ಬೇರೆಬೇರೆಯಾಗಿಯೇ ಸಾಗುತ್ತವೆ. ಕೂಡಿಸುವ, ಮತ್ತೆ ಬಿಡಿಸುವ ಗೋಜಿಲ್ಲ. ಹಾಗಾದರೆ ಎಲ್ಲರೂ ಎಸ್-ವಿಡಿಯೋ ಇರುವ ಯಂತ್ರವನ್ನೇ ಹುಡುಕಬೇಕೆ? ಅದಕ್ಕೆ ಉತ್ತರ ಟೇಪಿನ ಮೇಲೆ ಏನಿದೆ ಎಂಬುದರಲ್ಲಿದೆ.

ವಿ.ಸಿ.ಆರ್.ನ ಒಳಗೆ 62 ಮಿಲಿಮೀಟರ್ ವ್ಯಾಸದ ಒಂದು ಉರುಳೆ ಸೆಕೆಂಡಿಗೆ 25 ಸುತ್ತು ತಿರುಗುತ್ತದೆ. ಅದಕ್ಕೆ ಅಂಟಿದ ಎರಡು ಸೂಕ್ಷ್ಮ ಕಾಂತೀಯ ಹೆಡ್ಡುಗಳು, ಅರ್ಧ ಇಂಚು ಅಗಲದ ಟೇಪಿನ ಮೇಲೆ ಓರೆಯಾಗಿ ಗೆರೆ ಎಳೆಯುತ್ತ ಹೋಗುತ್ತವೆ. ಟೇಪು ಮುಂದೆ ಸರಿಯುವುದು ಸೆಕೆಂಡಿಗೆ ಬರೀ 23.39 ಮಿಲಿಮೀಟರು, ಆದರೆ ಉರುಳೆ ತಿರುಗುವುದರಿಂದ ಹೆಡ್ಡು ಟೇಪನ್ನು ಉಜ್ಜುವ ವೇಗ ಸೆಕೆಂಡಿಗೆ 4.85 ಮೀಟರು. ಉರುಳೆಯ ಸುತ್ತಳತೆಯನ್ನು ಲೆಕ್ಕ ಹಾಕಿ ನೀವೇ ತಾಳೆ ನೋಡಬಹುದು. ಇಷ್ಟೆಲ್ಲ ಮಾಡಿದರೂ ಬೆಳಕಿನ ಸಂಕೇತದಲ್ಲಿ ಉಳಿಯುವುದು ಸುಮಾರು 3 ಮೆಗಾಹರ್ಟ್ಸು. 52ನ್ನು 3ರಿಂದ ಗುಣಿಸಿದರೆ 156 ಜೊತೆ, ಅಂದರೆ ಒಂದು ಗೆರೆಯಲ್ಲಿ 312 ಚುಕ್ಕೆ. ಪರದೆಯ ಎತ್ತರ ಅಗಲದ ಮುಕ್ಕಾಲು. ಆದ್ದರಿಂದ 312ರ ಮುಕ್ಕಾಲು ಎಂದರೆ 234. ವಿ.ಎಚ್.ಎಸ್. ಚಿತ್ರದ ಸ್ಪಷ್ಟತೆ 240 ಗೆರೆ ಎಂದು ಪುಸ್ತಕಗಳಲ್ಲಿ ಓದುತ್ತೀರಲ್ಲ, ಅದು ಬಂದದ್ದು ಇಲ್ಲಿಂದ.

ಇನ್ನು ಬಣ್ಣಕ್ಕೆ 4.43 ಮೆಗಾಹರ್ಟ್ಸಿನಲ್ಲಿ ಟೇಪಿನ ಮೇಲೆ ಜಾಗವೇ ಇಲ್ಲ. ಆದ್ದರಿಂದ ಯಂತ್ರ ಅದನ್ನು ಪೂರ್ತಿ ಕೆಳಕ್ಕಿಳಿಸಿ, 0.627 ಮೆಗಾಹರ್ಟ್ಸಿನಲ್ಲಿ, ಬೆಳಕಿನ ಸಂಕೇತದ ನೆಲಮಾಳಿಗೆಯಲ್ಲಿ ಇಡುತ್ತದೆ. ಓಡಿಸುವಾಗ ಮತ್ತೆ ಮೇಲೆತ್ತುತ್ತದೆ. ಹೀಗೆ ಟೇಪಿನ ಮೇಲೆ ಬೆಳಕು-ಬಣ್ಣಗಳು ಪ್ರತ್ಯೇಕವಾಗಿಯೇ ಇರುತ್ತವೆ. ಸಾಧಾರಣ ವಿ.ಸಿ.ಆರ್. ಕೊನೆಗೆ ಎರಡನ್ನೂ ಕೂಡಿಸಿ ಹಳದಿ ಜ್ಯಾಕಿಗೆ ಕೊಡುತ್ತದೆ. 1987ರಲ್ಲಿ ಬಂದ ಎಸ್-ವಿ.ಎಚ್.ಎಸ್. ಯಂತ್ರಗಳು ಕೂಡಿಸದೆಯೂ ಕೊಡಬಲ್ಲವು. ಲಾಭವಿದೆ, ಬಣ್ಣದ ಅಂಚುಗಳಲ್ಲಿ ತೆವಳುವ ಚುಕ್ಕೆಗಳು ಮಾಯವಾಗುತ್ತವೆ. ಆದರೆ ಟೇಪಿನಲ್ಲಿಲ್ಲದ ವಿವರವನ್ನು ಯಾವ ತಂತಿಯೂ ತಂದುಕೊಡದು. ನನ್ನ ಅಭಿಪ್ರಾಯ ಕೇಳಿದರೆ, ಸಾಧಾರಣ ವಿ.ಎಚ್.ಎಸ್. ಮದುವೆ ಕ್ಯಾಸೆಟ್ಟಿಗಾಗಿ ಸಾಲ ಮಾಡಿ ಎಸ್-ವಿ.ಎಚ್.ಎಸ್. ಯಂತ್ರ ಕೊಳ್ಳುವುದು ವ್ಯರ್ಥ. ಹೆಡ್ಡು ಶುದ್ಧವಾಗಿರುವ ಒಂದು ಸಾಧಾರಣ ಯಂತ್ರ, ಹೊಸ ಹಳದಿ ತಂತಿ, ಇಷ್ಟು ಸಾಕು. ನಿಮ್ಮಲ್ಲಿರುವುದು ಹೈ-8 ಕ್ಯಾಮ್‌ಕಾರ್ಡರಿನ ಟೇಪಾಗಿದ್ದರೆ ಮಾತು ಬೇರೆ. ಅದರಲ್ಲಿ ವಿವರ ಹೆಚ್ಚಿದೆ, ಎಸ್-ವಿಡಿಯೋ ಜ್ಯಾಕೂ ಸಾಮಾನ್ಯವಾಗಿ ಇರುತ್ತದೆ, ಅದನ್ನೇ ಬಳಸಿ.

ಒಂದು ಮಾತು ನೆನಪಿರಲಿ. ತಂತಿ ಬದಲಿಸಿದರೆ ಸೆಟ್ಟಿಂಗನ್ನೂ ಬದಲಿಸಬೇಕು. ಒಂದೇ ಎಲ್-1 ಹೆಸರಿನಡಿ 'ವಿಡಿಯೋ' ಮತ್ತು 'ಎಸ್-ವಿಡಿಯೋ' ಎಂಬ ಎರಡು ಆಯ್ಕೆಗಳನ್ನು ಮೆನುವಿನಲ್ಲಿಟ್ಟ ರೆಕಾರ್ಡರುಗಳಿವೆ. ಎಸ್-ವಿಡಿಯೋ ತಂತಿ ಚುಚ್ಚಿದೊಡನೆ ಹಳದಿ ಜ್ಯಾಕನ್ನು ಕಡೆಗಣಿಸುವ ಯಂತ್ರಗಳೂ ಇವೆ. ಎಸ್-ವಿಡಿಯೋದಲ್ಲಿ ಚಿತ್ರ ಸ್ಪಷ್ಟವಾಗಿದ್ದು ಬಣ್ಣ ಮಾತ್ರ ಇಲ್ಲವೆಂದರೆ ನಾಲ್ಕು ಪಿನ್ನುಗಳಲ್ಲಿ ಬಣ್ಣದ ಪಿನ್ನು ಬಾಗಿದೆಯೇ ನೋಡಿ. ಬೆಳಕು ತಲುಪಿದೆ, ಬಣ್ಣ ದಾರಿಯಲ್ಲಿ ಉಳಿದಿದೆ.

ಬಣ್ಣ ಇಲ್ಲದಿರುವುದಕ್ಕೆ ಇನ್ನೊಂದು ಕಾರಣ ಉಂಟು, ಮತ್ತು ನಮ್ಮ ರಾಜ್ಯದಲ್ಲಿ ಅದು ಅಪರೂಪವಲ್ಲ. ಕರಾವಳಿಯ ಮನೆಗಳಲ್ಲಿ ಕೊಲ್ಲಿ ರಾಷ್ಟ್ರಗಳಿಂದ ಬಂದ ವಿ.ಸಿ.ಆರ್.ಗಳು ಬಹಳ. ಅವುಗಳ ಮುಂಭಾಗದಲ್ಲೋ ಹಿಂಭಾಗದಲ್ಲೋ ಪಾಲ್, ಮೆಸೆಕಾಮ್, ಎನ್.ಟಿ.ಎಸ್.ಸಿ. ಎಂಬ ಒಂದು ಸ್ವಿಚ್ಚು ಇರುತ್ತದೆ. ಆ ಪ್ರದೇಶದಲ್ಲಿ ಎಲ್ಲ ದೇಶಗಳ ಪದ್ಧತಿ ಒಂದೇ ಇರಲಿಲ್ಲ. ಸೌದಿ ಅರೇಬಿಯಾದಲ್ಲಿ ಒಂದು ಕಾಲಕ್ಕೆ ಸೆಕಾಮ್ ಇತ್ತು, ಸಂಯುಕ್ತ ಅರಬ್ ಸಂಸ್ಥಾನದಲ್ಲಿ ಪಾಲ್. ಸ್ವಿಚ್ಚು ಮೆಸೆಕಾಮ್ ಕಡೆಗಿದ್ದರೆ ಇಲ್ಲಿನ ಪಾಲ್ ಕ್ಯಾಸೆಟ್ಟು ಕಪ್ಪು-ಬಿಳುಪಾಗಿ ಓಡುತ್ತದೆ. ಟೇಪು ಹಾಳಾಯಿತೆಂದು ನೀವು ಕೈಚೆಲ್ಲುವ ಮೊದಲು ಆ ಸ್ವಿಚ್ಚನ್ನು ನೋಡಿ.

ಅಮೆರಿಕದಲ್ಲಿ ನೆಲೆಸಿದ ನೆಂಟರು ಕಳುಹಿಸಿದ ಕ್ಯಾಸೆಟ್ಟಿನ ಕಥೆ ಬೇರೆ. ಅಲ್ಲಿಯ ಎನ್.ಟಿ.ಎಸ್.ಸಿ. ಪದ್ಧತಿಯಲ್ಲಿ ಗೆರೆ 525, ಚಿತ್ರ ಸೆಕೆಂಡಿಗೆ ಸುಮಾರು 30, ಬಣ್ಣದ ಉಪವಾಹಕ 3.58 ಮೆಗಾಹರ್ಟ್ಸು. ಬರೀ ಪಾಲ್ ಓಡಿಸುವ ಯಂತ್ರ ಇದನ್ನು ಓಡಿಸಲಾರದು. ಬಹುಪದ್ಧತಿ ಯಂತ್ರವಿದ್ದರೆ ಅದರಲ್ಲಿ 'ಎನ್.ಟಿ.ಎಸ್.ಸಿ. 3.58' ಮತ್ತು 'ಎನ್.ಟಿ.ಎಸ್.ಸಿ. 4.43' ಎಂಬ ಎರಡು ಆಯ್ಕೆಗಳು ಇರಬಹುದು, ಜೊತೆಗೆ 'ಪಾಲ್ ಟಿ.ವಿ.ಯಲ್ಲಿ ಎನ್.ಟಿ.ಎಸ್.ಸಿ.' ಎಂಬುದೂ. ಕೊನೆಯ ಎರಡು ಬೆರಕೆ ಪದ್ಧತಿಗಳು, ಇಲ್ಲಿನ ಟಿ.ವಿ.ಗೆ ತೋರಿಸಲು ಮಾಡಿಕೊಂಡ ಹೊಂದಾಣಿಕೆ. ನೋಡಲು ಅಡ್ಡಿಯಿಲ್ಲ, ಆದರೆ ಕಂಪ್ಯೂಟರಿನ ಕ್ಯಾಪ್ಚರ್ ಸಾಧನ ಇವುಗಳ ಮುಂದೆ ಗಲಿಬಿಲಿಗೊಳ್ಳುತ್ತದೆ. ಯಂತ್ರದಲ್ಲಿ 3.58 ಆರಿಸಿ, ಕಂಪ್ಯೂಟರಿನಲ್ಲಿಯೂ ಎನ್.ಟಿ.ಎಸ್.ಸಿ. ಎಂದೇ ಹೇಳಿ.

ಕ್ಯಾಸೆಟ್ಟು ಎಲ್ಲಿಯದೆಂದು ಹೇಳುವವರೇ ಮನೆಯಲ್ಲಿ ಇಲ್ಲದಿದ್ದರೆ? ಅದರ ಮೇಲಿನ ಅಕ್ಷರ ನೋಡಿ. ಇ-180 ಎಂದಿದ್ದರೆ ಪಾಲ್ ನಾಡಿನ ಲೆಕ್ಕ, 180 ನಿಮಿಷ. ಟಿ-120 ಎಂದಿದ್ದರೆ ಎನ್.ಟಿ.ಎಸ್.ಸಿ. ನಾಡಿನ ಲೆಕ್ಕ, 120 ನಿಮಿಷ. ತಮಾಷೆಯೆಂದರೆ ಎರಡರಲ್ಲೂ ಟೇಪಿನ ಉದ್ದ ಹೆಚ್ಚುಕಡಿಮೆ ಒಂದೇ, 250 ಮೀಟರಿನ ಆಸುಪಾಸು. ಅಮೆರಿಕದ ಯಂತ್ರ ಟೇಪನ್ನು ಹೆಚ್ಚು ವೇಗವಾಗಿ ಎಳೆಯುವುದರಿಂದ ನಿಮಿಷ ಕಡಿಮೆ. ಇದು ಸುಳಿವು ಮಾತ್ರ, ಸಾಕ್ಷ್ಯವಲ್ಲ. ಖಾಲಿ ಟೇಪನ್ನು ಯಾರು ಎಲ್ಲಿಂದ ಬೇಕಾದರೂ ತಂದಿರಬಹುದು.

ಈಗ ಕಂಪ್ಯೂಟರಿನ ಮುಂದೆ ಕುಳಿತುಕೊಳ್ಳೋಣ. ಕ್ಯಾಪ್ಚರ್ ತಂತ್ರಾಂಶ ಮೂರು ಪ್ರಶ್ನೆ ಕೇಳುತ್ತದೆ. ಇನ್‌ಪುಟ್ ಕಾಂಪೋಸಿಟ್ಟೋ ಎಸ್-ವಿಡಿಯೋವೋ? ನಿಮಗೆ ಈಗ ಗೊತ್ತು. ಪದ್ಧತಿ ಯಾವುದು? ಭಾರತದ ಟೇಪಿಗೆ ಪಾಲ್-ಬಿ. ಅನೇಕ ತಂತ್ರಾಂಶಗಳು ತಾವಾಗಿ ಎನ್.ಟಿ.ಎಸ್.ಸಿ. ಎಂದು ಇಟ್ಟುಕೊಂಡಿರುತ್ತವೆ, ಹಾಗೇ ಬಿಟ್ಟರೆ ಚಿತ್ರ ಉರುಳುತ್ತದೆ ಅಥವಾ ಬಣ್ಣ ಕಳೆದುಕೊಳ್ಳುತ್ತದೆ. ಅಳತೆ ಎಷ್ಟು? ಪಾಲಿಗೆ ಅಡ್ಡ 720, ಉದ್ದ 576. ಎನ್.ಟಿ.ಎಸ್.ಸಿ.ಗೆ 720, 480. "ಟೇಪಿನಲ್ಲಿ ಇರುವುದೇ 312 ಚುಕ್ಕೆ, 720 ಏಕೆ?" ಎಂದು ಜಾಣ ವಿದ್ಯಾರ್ಥಿ ಕೇಳಬಹುದು. ಒಂದು ಅಲೆಯನ್ನು ಅಂಕಿಗಳಾಗಿ ಹಿಡಿಯುವಾಗ ಸ್ವಲ್ಪ ಧಾರಾಳವಾಗಿಯೇ ಹಿಡಿಯಬೇಕು. ಜಿಪುಣತನ ಮಾಡಿದರೆ ಅಂಚುಗಳು ಮೊದಲು ಸಾಯುತ್ತವೆ. ಹಾಗೆಂದು 1920 ಅಡ್ಡ ಅಳತೆಗೆ ಹಿಗ್ಗಿಸುವುದರಿಂದ ಫೈಲು ದಪ್ಪವಾಗುತ್ತದೆಯೇ ಹೊರತು ಚಿತ್ರವಲ್ಲ. ಹಳದಿ ಜ್ಯಾಕನ್ನು ಎಚ್.ಡಿ.ಎಂ.ಐ.ಗೆ ಪರಿವರ್ತಿಸುವ ಅಗ್ಗದ ಡಬ್ಬಿಗಳು ಮಾಡುವುದು ಇದನ್ನೇ.

ಇನ್ನೊಂದು ಸೂಕ್ಷ್ಮ. ಪಾಲಿನ 25 ಚಿತ್ರಗಳಲ್ಲಿ ಪ್ರತಿಯೊಂದೂ ಎರಡು ಅರ್ಧಚಿತ್ರಗಳಿಂದ ಹೆಣೆದದ್ದು. ಬೆಸ ಗೆರೆಗಳದ್ದು ಒಂದು, ಸಮ ಗೆರೆಗಳದ್ದು ಒಂದು, ಎರಡರ ನಡುವೆ ಸೆಕೆಂಡಿನ ಐವತ್ತನೆಯ ಒಂದು ಭಾಗದಷ್ಟು ಅಂತರ. ತಂತ್ರಾಂಶದಲ್ಲಿ 'ಡಿಇಂಟರ್‌ಲೇಸ್' ಎಂಬ ಗುರುತನ್ನು ಹಾಕಿದರೆ ಅದು ಅನೇಕ ವೇಳೆ ಸೆಕೆಂಡಿನ 50 ಕ್ಷಣಗಳಲ್ಲಿ 25ನ್ನು ಬಿಸಾಡುತ್ತದೆ. ಭಾಷಣದ ಕ್ಯಾಸೆಟ್ಟಿಗೆ ನಷ್ಟ ತಿಳಿಯದು. ಆದರೆ ನಿಮ್ಮ ಕೈಯಲ್ಲಿರುವುದು ಊರ ಗದ್ದೆಯಲ್ಲಿ ನಡೆದ ಬಡಗುತಿಟ್ಟಿನ ಯಕ್ಷಗಾನವಾಗಿದ್ದು, ವೇಷಧಾರಿ ಮಂಡಿ ಕುಣಿತಕ್ಕೆ ಇಳಿದಿದ್ದಾರೆ ಎಂದಿಟ್ಟುಕೊಳ್ಳಿ. ಮಂಡಿಯ ಮೇಲೆ ಅವರು ಸುತ್ತುವ ಆ ವೇಗದಲ್ಲಿ ಅರ್ಧ ಕ್ಷಣಗಳು ಹೋದರೆ ಕುಣಿತದ ಜೀವವೇ ಕುಂಟುತ್ತದೆ. ಆ ಕಲಾವಿದರು ಈಗ ಇಲ್ಲದಿರಬಹುದು. ಆ ರಾತ್ರಿಯ ಕುಣಿತಕ್ಕೆ ಬೇರೆ ದಾಖಲೆ ಇಲ್ಲದಿರಬಹುದು. ಹಿಡಿಯುವಾಗ ಐವತ್ತನ್ನೂ ಹಿಡಿಯಿರಿ. ತಿದ್ದುವ ಕೆಲಸವನ್ನು ಆಮೇಲೆ, ನಕಲಿನ ಮೇಲೆ ಮಾಡಬಹುದು.

ಕಂಪ್ಯೂಟರಿಲ್ಲದೆ ಡಿ.ವಿ.ಡಿ. ರೆಕಾರ್ಡರಿನಲ್ಲಿ ಮಾಡುವವರು ಒಂದು ಡಿಸ್ಕಿಗೆ ಎರಡು ಗಂಟೆಗಿಂತ ಹೆಚ್ಚು ತುಂಬಿಸಬೇಡಿ. ಎಸ್.ಪಿ. ಎಂಬ ಗುರುತು ಅದೇ. ನಾಲ್ಕು, ಆರು ಗಂಟೆಗಳ ಆಮಿಷಕ್ಕೆ ಬಿದ್ದರೆ ಮುಖಗಳು ಚೌಕಚೌಕವಾಗುತ್ತವೆ. ಓಡಿಸುವ ವಿ.ಸಿ.ಆರ್.ನಲ್ಲಿ 'ಎಡಿಟ್' ಎಂಬ ಸ್ವಿಚ್ಚಿದ್ದರೆ ಆನ್ ಮಾಡಿ. ನೋಡುವವರ ಕಣ್ಣಿಗೆಂದು ಮಾಡುವ ಅಂಚು ತೀಡುವ ಅಲಂಕಾರವನ್ನು ಅದು ನಿಲ್ಲಿಸುತ್ತದೆ. ಅಂಗಡಿಯಿಂದ ಕೊಂಡ ಸಿನಿಮಾ ಕ್ಯಾಸೆಟ್ಟಿನಲ್ಲಿ ಬೆಳಕು ಉಸಿರಾಡಿದಂತೆ ಏರಿಳಿದರೆ ಅದು ಇನ್‌ಪುಟ್ಟಿನ ದೋಷವಲ್ಲ. ನಕಲು ತಡೆಯಲೆಂದು, ಕಾಣದ ಗೆರೆಗಳಲ್ಲಿ ಸೇರಿಸಿದ ಮಿಡಿತಗಳು ರೆಕಾರ್ಡರಿನ ಮಟ್ಟ ಹೊಂದಿಸುವ ಮಂಡಲವನ್ನು ಮೋಸಗೊಳಿಸುತ್ತವೆ. ಅವು ಹಕ್ಕುದಾರರ ಸೊತ್ತು, ಬಿಟ್ಟುಬಿಡಿ. ಆದರೆ ತೀರ ಅಲುಗಾಡುವ ಮನೆಯ ಟೇಪನ್ನೂ ರೆಕಾರ್ಡರು ಹೀಗೆಯೇ ತಪ್ಪಾಗಿ ತಿಳಿದು ನಿರಾಕರಿಸುವುದುಂಟು. ಆಗ ಬೇರೆ ಯಂತ್ರದಲ್ಲಿ ಓಡಿಸಿ ನೋಡಬೇಕು.

ನೀಲಿ ಪರದೆಗಿಂತ ದೊಡ್ಡ ಅಪಾಯ ಒಂದಿದೆ. ಕೆಲವು ಯಂತ್ರಗಳಲ್ಲಿ ವಿ.ಎಚ್.ಎಸ್. ಮತ್ತು ಡಿ.ವಿ.ಡಿ. ಎರಡೂ ಒಂದೇ ಪೆಟ್ಟಿಗೆಯಲ್ಲಿರುತ್ತವೆ. ಅದರಲ್ಲಿ ನಕಲು ಯಾವ ದಿಕ್ಕಿಗೆ ಎಂಬ ಆಯ್ಕೆಯನ್ನು ತಿರುಗುಮುರುಗು ಮಾಡಿದರೆ, ಖಾಲಿ ಡಿಸ್ಕು ಖಾಲಿಯಾಗಿಯೇ ಉಳಿದು, ಮದುವೆಯ ಟೇಪಿನ ಮೇಲೆ ಮುದ್ರಣ ಶುರುವಾಗುತ್ತದೆ. ಉಜ್ಜಿಹೋದದ್ದು ಮತ್ತೆ ಬಾರದು. ಇದಕ್ಕೆ ಕ್ಯಾಸೆಟ್ಟಿನಲ್ಲೇ ಒಂದು ಕಾವಲಿದೆ. ಹೆಸರು ಬರೆಯುವ ಬೆನ್ನಿನ ಮೂಲೆಯಲ್ಲಿ ಒಂದು ಸಣ್ಣ ಪ್ಲಾಸ್ಟಿಕ್ ನಾಲಿಗೆ ಇರುತ್ತದೆ. ಅದನ್ನು ಸ್ಕ್ರೂ ಡ್ರೈವರಿನಿಂದ ಮುರಿದರೆ ಯಂತ್ರ ಮುದ್ರಿಸಲು ಒಪ್ಪುವುದಿಲ್ಲ. ಆ ಗುಳಿಯ ಮೇಲೆ ಯಾರಾದರೂ ಅಂಟುಪಟ್ಟಿ ಹಚ್ಚಿದ್ದರೆ ಕಿತ್ತುಹಾಕಿ. ಹಿಂದೆ ಹಾಗೆ ಹಚ್ಚಿ ಒಂದೇ ಕ್ಯಾಸೆಟ್ಟಿನ ಮೇಲೆ ಮತ್ತೆಮತ್ತೆ ಮುದ್ರಿಸುತ್ತಿದ್ದರು. ಯಾವ ತಂತಿಯನ್ನೂ ಮುಟ್ಟುವ ಮೊದಲು ಈ ಕೆಲಸವಾಗಲಿ.

ಆಮೇಲೆ ಕ್ಯಾಸೆಟ್ಟಿನ ಕಿಟಕಿಯಿಂದ ಟೇಪಿನ ಸುರುಳಿಯನ್ನು ಬೆಳಕಿಗೆ ಹಿಡಿದು ನೋಡಿ. ಮಲೆನಾಡು, ಕರಾವಳಿಯ ಮಳೆಗಾಲ ಕಂಡ ಕ್ಯಾಸೆಟ್ಟುಗಳಲ್ಲಿ ಬಿಳಿಯ ಬೂಷ್ಟು ಬಲೆಯಂತೆ ಹಬ್ಬಿರುತ್ತದೆ. ಅಂಥದ್ದನ್ನು ಯಂತ್ರಕ್ಕೆ ಹಾಕಲೇಬೇಡಿ. ಬೂಷ್ಟು ಹೆಡ್ಡಿಗೆ ಮೆತ್ತಿ, ಅಲ್ಲಿಂದ ಮುಂದಿನ ಕ್ಯಾಸೆಟ್ಟಿಗೂ ದಾಟುತ್ತದೆ. ಅದನ್ನು ಪ್ರತ್ಯೇಕ ಚೀಲದಲ್ಲಿಟ್ಟು ಬಲ್ಲವರ ಬಳಿಗೆ ಒಯ್ಯಿರಿ. ಶುದ್ಧವಾಗಿ ಕಂಡವುಗಳಲ್ಲಿ ಯಾರಿಗೂ ಬೇಡವಾದ ಒಂದನ್ನು ಆರಿಸಿ ಪರೀಕ್ಷೆಗೆ ಓಡಿಸಿ. ಸ್ಟುಡಿಯೋದಲ್ಲಿ ನಾವು ಮೊದಲು ಬಣ್ಣದ ಪಟ್ಟಿಗಳನ್ನು ಹಾಕಿ ಮಟ್ಟ ನೋಡಿಕೊಳ್ಳುತ್ತೇವೆ. ನಿಮಗೆ ಆ ಬೇಡದ ಕ್ಯಾಸೆಟ್ಟೇ ಬಣ್ಣದ ಪಟ್ಟಿ. ಐದು ನಿಮಿಷ ಮುದ್ರಿಸಿ, ನಿಲ್ಲಿಸಿ, ಮುದ್ರಿಸಿದ್ದನ್ನು ತೆರೆದು ನೋಡಿ. ಚಿತ್ರ ಇದೆಯೇ, ಬಣ್ಣ ಇದೆಯೇ, ಧ್ವನಿ ಎರಡೂ ಕಿವಿಗೆ ಬರುತ್ತಿದೆಯೇ, ತುಟಿಗೂ ಮಾತಿಗೂ ಹೊಂದಿಕೆ ಇದೆಯೇ ಎಂದು ನೋಡಿಕೊಳ್ಳಿ. ನೇರ ಪರದೆಯಲ್ಲಿ ಚೆನ್ನಾಗಿ ಕಂಡದ್ದು ಫೈಲಿನಲ್ಲಿ ಇಲ್ಲದಿರುವುದು ಉಂಟು.

ಇಷ್ಟಾದ ಮೇಲೆ ಬೇಕಾದ ಕ್ಯಾಸೆಟ್ಟನ್ನು ಹಾಕಿ, ಒಮ್ಮೆ ಕೊನೆಯವರೆಗೆ ಮುಂದಕ್ಕೆ ಸುತ್ತಿ ಹಿಂದಕ್ಕೆ ಸುತ್ತಿ, ಪ್ಲೇ ಒತ್ತಿ. ಆ ಹೊತ್ತಿಗೆ ಅಜ್ಜಿಯನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ, ಕೈಯಲ್ಲಿ ಒಂದು ನೋಟುಪುಸ್ತಕ ಇರಲಿ. ಇಪ್ಪತ್ತನೆಯ ನಿಮಿಷದಲ್ಲಿ ಚಪ್ಪರದ ಕಂಬಕ್ಕೆ ಒರಗಿ ನಿಂತವರು ಯಾರು, ಹಾಡು ಹೇಳುತ್ತಿರುವ ಹೆಂಗಸು ಯಾವ ಊರಿನವರು ಎಂದು ಅವರು ಹೇಳುತ್ತಾರೆ. ನಿಮಿಷದ ಸಂಖ್ಯೆಯ ಮುಂದೆ ಹೆಸರು ಬರೆದುಕೊಳ್ಳಿ. ಫೈಲಿಗೆ ಊರು, ಇಸವಿ ಸೇರಿಸಿ ಹೆಸರಿಟ್ಟು ಎರಡು ಬೇರೆ ಕಡೆ ಉಳಿಸಿ. ಕ್ಯಾಸೆಟ್ಟನ್ನು ಎಸೆಯಬೇಡಿ, ಪೂರ್ತಿ ಹಿಂದಕ್ಕೆ ಸುತ್ತಿ, ಪೆಟ್ಟಿಗೆಯಲ್ಲಿ ಪುಸ್ತಕದಂತೆ ನೆಟ್ಟಗೆ ನಿಲ್ಲಿಸಿ, ಅಟ್ಟದ ಬದಲು ಬೀರುವಿನಲ್ಲಿಡಿ.